ಯಂತ್ರದ ನಾಡಿ ಹಿಡಿಯುವುದು ಹೇಗೆ? – ವಿಮಾನ ಯಂತ್ರಗಳಲ್ಲಿ ಸ್ವಯಂಚಾಲಿತ ದೋಷಪತ್ತೆ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯತೊಡಗಿದ ಮೇಲೆ ಸುರಪುರ, ಶಹಾಪುರ ಭಾಗದಲ್ಲಿ ಭತ್ತದ ಬೆಳೆ ಹೆಚ್ಚಿತು. ಭತ್ತದ ಹಿಂದೆಯೇ ಅಕ್ಕಿ ಗಿರಣಿಗಳೂ ಬಂದವು. ಸುಗ್ಗಿಯಲ್ಲಿ ಹಗಲಿರುಳು ಓಡುವ ಇಂಥ ಗಿರಣಿಗಳಲ್ಲಿ ಅನುಭವಸ್ಥ ಮಿಸ್ತ್ರಿಯೊಬ್ಬ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಬೇರಿಂಗ್ ಮನೆಗೆ ಒತ್ತಿ, ಅದರ ಹಿಡಿಕೆಯನ್ನು ಕಿವಿಗೆ ಹಚ್ಚಿ ನಿಲ್ಲುವುದುಂಟು. ಅರ್ಧ ನಿಮಿಷ ಕೇಳಿ, ‘ಇದು ಇನ್ನು ಹದಿನೈದು ದಿನ ಓಡೀತು, ಆಮೇಲೆ ಬೇರಿಂಗ್ ಬದಲಿಸಬೇಕು’ ಎಂದು ಹೇಳುತ್ತಾನೆ. ಬಹಳ ಸಲ ಅವನ ಮಾತು ನಿಜವಾಗುತ್ತದೆ.

ಇಲ್ಲಿ ಮಿಸ್ತ್ರಿ ಮಾಡಿದ್ದೇನು? ಯಂತ್ರವನ್ನು ಬಿಚ್ಚಲಿಲ್ಲ, ನಿಲ್ಲಿಸಲೂ ಇಲ್ಲ. ಓಡುತ್ತಿರುವಾಗಲೇ ಅದರ ಸ್ಥಿತಿಯನ್ನು ಅಳೆದು, ದೋಷದ ಜಾಗವನ್ನು ಊಹಿಸಿ, ಉಳಿದ ಆಯುಷ್ಯವನ್ನು ಅಂದಾಜು ಮಾಡಿದ. ಇದೇ ಕೆಲಸವನ್ನು ಮನುಷ್ಯನ ಕಿವಿಯ ಬದಲು ಸಂವೇದಕ ಮತ್ತು ಕಂಪ್ಯೂಟರುಗಳಿಂದ ಮಾಡಿಸುವುದೇ ‘ಸ್ಥಿತಿ ಆಧಾರಿತ ನಿರ್ವಹಣೆ’. ಗಿರಣಿಯ ಬೇರಿಂಗ್ ಮುರಿದರೆ ಒಂದು ದಿನದ ಕೆಲಸ ನಿಲ್ಲುತ್ತದೆ. ಹಾರುತ್ತಿರುವ ಹೆಲಿಕಾಪ್ಟರಿನ ಗೇರು ಮುರಿದರೆ? ಅದರಲ್ಲಿರುವವರ ಪ್ರಾಣವೇ ಹೋಗುತ್ತದೆ. ಆದ್ದರಿಂದಲೇ ಈ ವಿದ್ಯೆ ವಿಮಾನ ಕ್ಷೇತ್ರದಲ್ಲಿ ಇಷ್ಟು ಆಳವಾಗಿ ಬೆಳೆಯಿತು.

ಬಿಚ್ಚಿ ನೋಡುವುದು ಒಳ್ಳೆಯದೇ?

ಯಂತ್ರಗಳನ್ನು ನೋಡಿಕೊಳ್ಳಲು ಮೂರು ದಾರಿಗಳಿವೆ. ಕೆಟ್ಟ ಮೇಲೆ ರಿಪೇರಿ ಮಾಡುವುದು ಮೊದಲನೆಯದು. ಇಂತಿಷ್ಟು ಗಂಟೆ ಓಡಿದ ಮೇಲೆ, ಕೆಟ್ಟಿರಲಿ ಬಿಡಲಿ, ಬಿಚ್ಚಿ ಭಾಗಗಳನ್ನು ಬದಲಿಸುವುದು ಎರಡನೆಯದು. ಸ್ಥಿತಿಯನ್ನು ಅಳೆಯುತ್ತಿದ್ದು, ಬೇಕಾದಾಗ ಮಾತ್ರ ಕೈಹಾಕುವುದು ಮೂರನೆಯದು.

ಎರಡನೆಯ ದಾರಿಯೇ ಅತ್ಯಂತ ಸುರಕ್ಷಿತ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ಸಿ. ಎಚ್. ವಾಡಿಂಗ್‌ಟನ್ ಮತ್ತು ಅವರ ಸಂಗಡಿಗರು ಕರಾವಳಿ ಕಾವಲಿನ ಯುದ್ಧವಿಮಾನಗಳ ದಾಖಲೆಗಳನ್ನು ಪರಿಶೀಲಿಸಿದಾಗ ವಿಚಿತ್ರ ಸಂಗತಿಯೊಂದು ಕಂಡಿತು. ಪ್ರತಿ 50 ಗಂಟೆಗಳ ಹಾರಾಟದ ನಂತರ ನಡೆಯುತ್ತಿದ್ದ ತಪಾಸಣೆ ಮುಗಿದ ಕೂಡಲೇ ಕೆಡುಕುಗಳ ಸಂಖ್ಯೆ ಏರುತ್ತಿತ್ತು. ದಿನ ಕಳೆದಂತೆ ಇಳಿಯುತ್ತಿತ್ತು. ಅಂದರೆ ಚೆನ್ನಾಗಿದ್ದ ಯಂತ್ರವನ್ನು ಬಿಚ್ಚಿ ಜೋಡಿಸುವುದೇ ಹೊಸ ದೋಷಗಳಿಗೆ ದಾರಿಯಾಗುತ್ತಿತ್ತು. ಈ ವಿವರಗಳಿರುವ ವಾಡಿಂಗ್‌ಟನ್ ಅವರ ಪುಸ್ತಕ ಪ್ರಕಟವಾದದ್ದು 1973ರಲ್ಲಿ.

1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಎಂಬ ಎಂಜಿನಿಯರುಗಳು ಇನ್ನೂ ದೊಡ್ಡ ಅಚ್ಚರಿಯನ್ನು ಮುಂದಿಟ್ಟರು. ಅವರು ಅಭ್ಯಸಿಸಿದ ವಿಮಾನ ಭಾಗಗಳಲ್ಲಿ ವಯಸ್ಸಾದಂತೆ ಸವೆದು ಕೆಡುವಂಥವು ಶೇಕಡಾ 11 ಮಾತ್ರ. ಉಳಿದ ಶೇಕಡಾ 89ರಷ್ಟು ಭಾಗಗಳಿಗೆ ‘ಇಷ್ಟು ಗಂಟೆಗೆ ಬದಲಿಸಿ’ ಎಂಬ ನಿಯಮದಿಂದ ಲಾಭವಿರಲಿಲ್ಲ. ಶೇಕಡಾ 68ರಷ್ಟು ಭಾಗಗಳಂತೂ ಹೊಸದಾಗಿದ್ದಾಗಲೇ ಹೆಚ್ಚು ಕೆಡುತ್ತಿದ್ದವು; ಅನಂತರ ಕೆಡುವ ಸಂಭವ ಬಹುಮಟ್ಟಿಗೆ ಒಂದೇ ಸಮನಾಗಿರುತ್ತಿತ್ತು. ವಯಸ್ಸನ್ನು ನೋಡಿ ಯಂತ್ರದ ಆರೋಗ್ಯ ತಿಳಿಯದು ಎಂದಾದರೆ ಉಳಿಯುವ ಮಾರ್ಗ ಒಂದೇ: ಅದರ ನಾಡಿ ಹಿಡಿದು ನೋಡುವುದು.

ಬೇರಿಂಗಿನ ಲೆಕ್ಕ

ತಿರುಗುವ ಯಂತ್ರದ ನಾಡಿಯೆಂದರೆ ಅದರ ಕಂಪನ. ಇದನ್ನು ಅಳೆಯಲು ಪೀಜೋ ವಿದ್ಯುತ್ ಹರಳಿನ ಸಂವೇದಕವನ್ನು ಬಳಸುತ್ತಾರೆ. ಹರಳಿನ ಮೇಲೆ ಒತ್ತಡ ಬಿದ್ದಾಗ ಸಣ್ಣ ವಿದ್ಯುದಾವೇಶ ಹುಟ್ಟುತ್ತದೆ. ಯಂತ್ರ ನಡುಗಿದಂತೆ ಈ ಆವೇಶವೂ ಏರಿಳಿಯುತ್ತದೆ. ಈ ಏರಿಳಿತದಲ್ಲಿ ಯಾವ ಯಾವ ಆವರ್ತನಗಳು ಎಷ್ಟೆಷ್ಟು ಬೆರೆತಿವೆ ಎಂಬುದನ್ನು ಫೂರಿಯೆ ವಿಶ್ಲೇಷಣೆಯಿಂದ ಬಿಡಿಸಬಹುದು. ಪಟ್ಟಕವು ಬಿಳಿ ಬೆಳಕನ್ನು ಬಣ್ಣಗಳಾಗಿ ಬಿಡಿಸುವಂತೆ, ಇದು ಕಂಪನದ ರೋಹಿತವನ್ನು ಕೊಡುತ್ತದೆ.

ಒಂದು ಉದಾಹರಣೆ ನೋಡೋಣ. ಸಣ್ಣ ಮೋಟಾರುಗಳಲ್ಲಿ ಸಾಮಾನ್ಯವಾದ 6205 ಸಂಖ್ಯೆಯ ಬೇರಿಂಗನ್ನು ತೆಗೆದುಕೊಳ್ಳಿ. ಅದರೊಳಗೆ ಸಾಮಾನ್ಯವಾಗಿ 9 ಗುಂಡುಗಳಿರುತ್ತವೆ. ಮೋಟಾರು ನಿಮಿಷಕ್ಕೆ 1440, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತಿದೆ ಎನ್ನೋಣ. ಒಳಬಳೆ ಅಕ್ಷದೊಂದಿಗೆ ತಿರುಗುತ್ತದೆ, ಹೊರಬಳೆ ನಿಶ್ಚಲ. ನಡುವಿನ ಗುಂಡುಗಳು ಉರುಳುತ್ತ ಮುಂದೆ ಸಾಗುತ್ತವೆ. ಗುಂಡುಗಳನ್ನು ಹಿಡಿದಿರುವ ಪಂಜರ ಅಕ್ಷದ ಅರ್ಧದಷ್ಟು ವೇಗಕ್ಕಿಂತ ತುಸು ಕಡಿಮೆ ವೇಗದಲ್ಲಿ ತಿರುಗುತ್ತದೆ. ಈ ಬೇರಿಂಗಿನ ಅಳತೆಗಳಿಗೆ ಅದು ಸುಮಾರು 0.398 ಪಟ್ಟು, ಅಂದರೆ ಸೆಕೆಂಡಿಗೆ 9.56 ಸುತ್ತು.

ಈಗ ಹೊರಬಳೆಯ ಮೇಲೆ ಒಂದು ಸಣ್ಣ ಕುಳಿ ಬಿದ್ದಿದೆ ಎನ್ನೋಣ. ಪಂಜರದ ಪ್ರತಿ ಸುತ್ತಿಗೆ 9 ಗುಂಡುಗಳೂ ಆ ಕುಳಿಯನ್ನು ದಾಟಬೇಕು. ಹೀಗೆ ಸೆಕೆಂಡಿಗೆ 9.56 × 9, ಅಂದರೆ ಸುಮಾರು 86 ಪೆಟ್ಟುಗಳು. ಕುಳಿ ಒಳಬಳೆಯ ಮೇಲಿದ್ದರೆ? ಒಳಬಳೆ ಪಂಜರಕ್ಕಿಂತ ಸೆಕೆಂಡಿಗೆ 24 – 9.56 = 14.44 ಸುತ್ತು ಮುಂದಿರುತ್ತದೆ, ಆದ್ದರಿಂದ 14.44 × 9, ಸುಮಾರು 130 ಪೆಟ್ಟುಗಳು. ಎರಡನ್ನೂ ಕೂಡಿದರೆ 216. ಇದು 24 × 9ಕ್ಕೆ ಸರಿಯಾಗಿ ಸಮ. ರೋಹಿತದಲ್ಲಿ 86 ಹರ್ಟ್ಸ್ ಬಳಿ ಗೆರೆ ಎದ್ದರೆ ದೋಷ ಹೊರಬಳೆಯಲ್ಲಿ, 130ರ ಬಳಿ ಎದ್ದರೆ ಒಳಬಳೆಯಲ್ಲಿ. ಬೇರಿಂಗನ್ನು ಬಿಚ್ಚದೆಯೇ, ಕೇವಲ ಗುಣಾಕಾರದಿಂದ, ದೋಷದ ವಿಳಾಸ ಸಿಕ್ಕಿತು!

ಗೇರುಗಳಿಗೂ ಇಂಥದೇ ಲೆಕ್ಕ. ಹಲ್ಲುಗಳ ಸಂಖ್ಯೆಯನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿದರೆ ಹಲ್ಲುಗಳು ಕೂಡುವ ಆವರ್ತನ ಬರುತ್ತದೆ. ಒಂದು ಹಲ್ಲು ಬಿರುಕು ಬಿಟ್ಟಾಗ ಈ ಮುಖ್ಯ ಗೆರೆಯ ಎಡಬಲಗಳಲ್ಲಿ ಪುಟ್ಟ ಗೆರೆಗಳು ಏಳುತ್ತವೆ. ಅವುಗಳ ನಡುವಿನ ಅಂತರ ಆ ಗೇರಿನ ತಿರುಗುವೇಗಕ್ಕೆ ಸಮನಾಗಿರುವುದರಿಂದ, ಹಲವು ಗೇರುಗಳ ಪೈಕಿ ದೋಷವಿರುವುದು ಯಾವುದೆಂದು ಗುರುತಿಸಬಹುದು.

ಸಂತೆಯ ಗದ್ದಲದಲ್ಲಿ ಪಿಸುಮಾತು

ಕಾಗದದ ಮೇಲೆ ಇದು ಸುಲಭ. ವಿಮಾನದಲ್ಲಿ ಹಾಗಲ್ಲ. ಹೆಲಿಕಾಪ್ಟರಿನ ಎಂಜಿನ್ನಿನ ಒಳ ಅಕ್ಷ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗಿದರೆ, ಮೇಲಿನ ರೋಟರು ಕೆಲವು ನೂರು ಸುತ್ತು ಮಾತ್ರ ತಿರುಗುತ್ತದೆ. ಈ ವೇಗವನ್ನು ಇಳಿಸುವುದು ಮುಖ್ಯ ಗೇರ್‌ಪೆಟ್ಟಿಗೆ. ಅದರಲ್ಲಿ ಅನೇಕ ಗೇರುಗಳು, ಬೇರಿಂಗುಗಳು ಒಟ್ಟಿಗೆ ಸದ್ದು ಮಾಡುತ್ತವೆ. ಎಳೆಯ ದೋಷದ ಸದ್ದು ಸಂತೆಯ ಗದ್ದಲದಲ್ಲಿ ಒಬ್ಬರ ಪಿಸುಮಾತಿನಂತೆ. ಅದನ್ನು ಕೇಳಲು ಎರಡು ಉಪಾಯಗಳಿವೆ.

ಮೊದಲನೆಯದು ಸರಾಸರಿ. ಗೇರು ಒಂದು ಸುತ್ತು ಮುಗಿಸಿದ ಕ್ಷಣವನ್ನು ಗುರುತಿಸಿ, ನೂರಾರು ಸುತ್ತುಗಳ ಕಂಪನಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆಯುತ್ತಾರೆ. ಆ ಗೇರಿಗೆ ಸೇರಿದ ಕಂಪನ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬರುವುದರಿಂದ ಉಳಿದುಕೊಳ್ಳುತ್ತದೆ. ಉಳಿದ ಗದ್ದಲ ಹಿಂದುಮುಂದಾಗಿ ಬಂದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. 100 ಸುತ್ತುಗಳ ಸರಾಸರಿಯಲ್ಲಿ ಗದ್ದಲ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ 100ರ ವರ್ಗಮೂಲ 10.

ಎರಡನೆಯದು ನಮ್ಮ ಹಳೆಯ ಮೀಡಿಯಂ ವೇವ್ ರೇಡಿಯೋದ ತತ್ತ್ವ. ಜಾಗಟೆಗೆ ಸೆಕೆಂಡಿಗೆ ಎರಡು ಪೆಟ್ಟು ಕೊಟ್ಟರೂ ಅದು ಮೊಳಗುವುದು ತನ್ನದೇ ಸ್ವರದಲ್ಲಿ. ಹಾಗೆಯೇ ಬೇರಿಂಗಿನ ಪ್ರತಿ ಪೆಟ್ಟಿಗೂ ಅದರ ಲೋಹದ ಮನೆ ಕೆಲವು ಸಾವಿರ ಹರ್ಟ್ಸ್‌ಗಳ ಸ್ವಾಭಾವಿಕ ಆವರ್ತನದಲ್ಲಿ ಅನುರಣಿಸುತ್ತದೆ. ಆ ಎತ್ತರದ ಆವರ್ತನದಲ್ಲಿ ಇತರ ಗದ್ದಲ ಕಡಿಮೆ. ಅದನ್ನು ಮಾತ್ರ ಶೋಧಿಸಿ, ಅದರ ಏರಿಳಿತದ ಹೊರಗೆರೆಯನ್ನು ಎಳೆದರೆ ಸೆಕೆಂಡಿಗೆ 86 ಸಲ ಬರುವ ಪೆಟ್ಟು ಸ್ಪಷ್ಟವಾಗಿ ಕಾಣುತ್ತದೆ. ರೇಡಿಯೋ ವಾಹಕ ತರಂಗದಿಂದ ಮಾತನ್ನು ಬೇರ್ಪಡಿಸುವುದೂ ಹೀಗೆಯೇ.

ಎಣ್ಣೆ ಮತ್ತು ಶಾಖದ ಸಾಕ್ಷ್ಯ

ವೈದ್ಯರು ನಾಡಿಯೊಂದನ್ನೇ ನೋಡುವುದಿಲ್ಲ, ರಕ್ತವನ್ನೂ ಪರೀಕ್ಷಿಸುತ್ತಾರೆ. ಯಂತ್ರದ ರಕ್ತ ಎಣ್ಣೆ. ಗೇರ್‌ಪೆಟ್ಟಿಗೆಯ ಎಣ್ಣೆಯ ದಾರಿಯಲ್ಲಿ ಅಯಸ್ಕಾಂತವಿರುವ ಒಂದು ಬಿರಡೆ ಇಟ್ಟಿರುತ್ತಾರೆ. ಉಕ್ಕಿನ ಚೂರು ಬಂದು ಅಂಟಿ ಎರಡು ತಂತಿಗಳ ನಡುವೆ ಸೇತುವೆಯಾದರೆ ಚಾಲಕನ ಮುಂದೆ ದೀಪ ಹೊತ್ತುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಗೆ ರೋಹಿತ ವಿಶ್ಲೇಷಣೆ ಇದೆ. ಎಣ್ಣೆಯ ಮಾದರಿಯನ್ನು ವಿದ್ಯುತ್ ಕಿಡಿಯಲ್ಲಿ ಉರಿಸಿದಾಗ ಪ್ರತಿ ಲೋಹವೂ ತನ್ನದೇ ಬಣ್ಣದ ಗೆರೆಗಳನ್ನು ತೋರಿಸುತ್ತದೆ. ಕಬ್ಬಿಣ ಹೆಚ್ಚಿದರೆ ಗೇರು ಅಥವಾ ಬೇರಿಂಗ್, ಬೆಳ್ಳಿ ಹೆಚ್ಚಿದರೆ ಬೆಳ್ಳಿ ಲೇಪದ ಪಂಜರ, ಸಿಲಿಕಾನ್ ಹೆಚ್ಚಿದರೆ ಹೊರಗಿನ ಧೂಳು ಎಂದು ಊಹಿಸಬಹುದು. ಎಣ್ಣೆಯನ್ನು ಹೀಗೆ ಪರೀಕ್ಷಿಸುವ ಪದ್ಧತಿ 1940ರ ದಶಕದಲ್ಲಿ ಅಮೆರಿಕದ ರೈಲ್ವೆಗಳಲ್ಲಿ ಡೀಸೆಲ್ ಎಂಜಿನುಗಳಿಗಾಗಿ ಬೆಳೆದು, ಆಮೇಲೆ ವಿಮಾನಗಳಿಗೆ ಬಂತು.

ಜೆಟ್ ಎಂಜಿನ್ನಿನಲ್ಲಿ ಹೊರಹೋಗುವ ಅನಿಲದ ಉಷ್ಣತೆ ಇನ್ನೊಂದು ಸಾಕ್ಷಿ. ಸಂಪೀಡಕದ ಅಲಗುಗಳು ಸವೆದರೆ ಅಥವಾ ಕೊಳೆಯಾದರೆ ಅದೇ ನೂಕುಬಲಕ್ಕೆ ಹೆಚ್ಚು ಇಂಧನ ಸುಡಬೇಕಾಗುತ್ತದೆ, ಉಷ್ಣತೆ ಏರುತ್ತದೆ. ಆದರೆ ಇಲ್ಲೊಂದು ತೊಡಕಿದೆ. 2019ರ ನವೆಂಬರ್ 22ರಂದು ಆರಂಭವಾದ ಕಲಬುರಗಿ ವಿಮಾನ ನಿಲ್ದಾಣದಿಂದ ಮೇ ತಿಂಗಳ ಮಧ್ಯಾಹ್ನ ಏರುವ ವಿಮಾನದ ಎಂಜಿನ್, ಡಿಸೆಂಬರಿನ ಬೆಳಗ್ಗೆ ಏರುವ ಎಂಜಿನ್ನಿಗಿಂತ ಸಹಜವಾಗಿಯೇ ಬಿಸಿ. ಅದು ರೋಗವಲ್ಲ, ಹವಾಮಾನ. ಆದ್ದರಿಂದ ಕಂಪ್ಯೂಟರು ಮೊದಲು ‘ಈ ಶಾಖ, ಈ ಎತ್ತರ, ಈ ವೇಗದಲ್ಲಿ ಆರೋಗ್ಯವಂತ ಎಂಜಿನ್ ಎಷ್ಟು ಬಿಸಿಯಾಗಿರಬೇಕು?’ ಎಂದು ಲೆಕ್ಕ ಹಾಕುತ್ತದೆ. ಅಳೆದ ಬೆಲೆಯಿಂದ ಅದನ್ನು ಕಳೆದಾಗ ಉಳಿಯುವ ಶೇಷವನ್ನು ಮಾತ್ರ ದಿನದಿನವೂ ಗಮನಿಸುತ್ತದೆ.

ಗಂಟೆ ಬಾರಿಸುವುದು ಯಾವಾಗ?

ಸ್ವಯಂಚಾಲಿತ ದೋಷಪತ್ತೆಯ ನಿಜವಾದ ಕಷ್ಟ ಇರುವುದು ಅಳತೆಗಿಂತ ಹೆಚ್ಚಾಗಿ ತೀರ್ಮಾನದಲ್ಲಿ. ಶೇಷ ಎಷ್ಟಾದಾಗ ಎಚ್ಚರಿಸಬೇಕು? ಮಿತಿಯನ್ನು ಕೆಳಗಿಟ್ಟರೆ ಸುಳ್ಳು ಎಚ್ಚರಿಕೆಗಳು ಹೆಚ್ಚುತ್ತವೆ. ಮೇಲಿಟ್ಟರೆ ನಿಜವಾದ ದೋಷ ತಪ್ಪಿಹೋಗುತ್ತದೆ.

ತಿಳಿವಳಿಕೆಗಾಗಿ ಒಂದು ಕಲ್ಪಿತ ಲೆಕ್ಕ ಮಾಡೋಣ. 1000 ತಪಾಸಣೆಗಳಲ್ಲಿ ಒಂದರಲ್ಲಿ ಮಾತ್ರ ನಿಜವಾದ ದೋಷವಿದೆ. ನಮ್ಮ ಉಪಕರಣ ದೋಷವನ್ನು ಶೇಕಡಾ 99 ಸಲ ಹಿಡಿಯುತ್ತದೆ. ಆರೋಗ್ಯವಂತ ಯಂತ್ರದ ಮೇಲೆ ಶೇಕಡಾ 2 ಸಲ ಮಾತ್ರ ಸುಳ್ಳು ಹೇಳುತ್ತದೆ. ಒಳ್ಳೆಯ ಉಪಕರಣವಲ್ಲವೇ? ಆದರೂ 999 ಆರೋಗ್ಯವಂತ ಯಂತ್ರಗಳ ಮೇಲೆ ಅದು ಸುಮಾರು 20 ಸಲ ಗಂಟೆ ಬಾರಿಸುತ್ತದೆ, ದೋಷವಿರುವ ಯಂತ್ರದ ಮೇಲೆ ಒಂದು ಸಲ. ಅಂದರೆ 21 ಗಂಟೆಗಳಲ್ಲಿ ನಿಜ ಒಂದೇ ಒಂದು. ಹೀಗೆ ಇಪ್ಪತ್ತು ಸಲ ಸುಮ್ಮನೆ ಬಿಚ್ಚಿ ನೋಡಿದ ತಂತ್ರಜ್ಞ ಇಪ್ಪತ್ತೊಂದನೆಯ ಸಲ ‘ಇದೂ ಅದೇ ಗೋಳು’ ಎಂದು ದೀಪ ಆರಿಸಿಬಿಡಬಹುದು. ‘ತೋಳ ಬಂತು ತೋಳ’ ಎಂಬ ಕಥೆ ನಮಗೆಲ್ಲ ಗೊತ್ತಿರುವುದೇ.

ಸತತ ಮೂರು ಅಳತೆಗಳು ಮಿತಿ ದಾಟಿದರೆ ಮಾತ್ರ ಎಚ್ಚರಿಸುವುದು ಒಂದು ಪರಿಹಾರ. ಮೂರು ಅಳತೆಗಳೂ ಪರಸ್ಪರ ಸ್ವತಂತ್ರವಾಗಿದ್ದರೆ ಸುಳ್ಳಿನ ಸಂಭವ 0.02ರ ಘನ, ಅಂದರೆ ಹತ್ತು ಲಕ್ಷಕ್ಕೆ 8 ಮಾತ್ರ. ಆದರೆ ಸಡಿಲವಾದ ಸಂವೇದಕವೇ ಸುಳ್ಳಿಗೆ ಕಾರಣವಾದರೆ ಅದು ಮೂರು ಸಲವೂ ಒಂದೇ ಸುಳ್ಳನ್ನು ಹೇಳುತ್ತದೆ. ಆದ್ದರಿಂದ ಕಂಪನ, ಎಣ್ಣೆ, ಉಷ್ಣತೆ ಹೀಗೆ ಬೇರೆ ಬೇರೆ ಸಾಕ್ಷಿಗಳನ್ನು ಕೂಡಿಸಿ ನೋಡುವುದು ಮೇಲು.

ಇಂದು ಯಂತ್ರಕಲಿಕೆಯ ವಿಧಾನಗಳೂ ಈ ಕೆಲಸಕ್ಕೆ ಬಂದಿವೆ. ಸಾವಿರಾರು ಚಿತ್ರ ತೋರಿಸಿ ಕಂಪ್ಯೂಟರಿಗೆ ಬೆಕ್ಕು, ನಾಯಿ ಕಲಿಸಬಹುದು. ಆದರೆ ಹಾರಾಟದಲ್ಲಿ ಮುರಿದ ಗೇರುಗಳ ದಾಖಲೆಗಳು ಬೆರಳೆಣಿಕೆಯಷ್ಟು. ಪುಣ್ಯಕ್ಕೆ ಹಾಗೆಯೇ ಇರಲಿ. ಆದ್ದರಿಂದ ಕಂಪ್ಯೂಟರಿಗೆ ರೋಗಗಳ ಬದಲು ಆರೋಗ್ಯವನ್ನೇ ಕಲಿಸುವುದು ರೂಢಿ. ಸಾವಿರಾರು ಗಂಟೆಗಳ ಸಹಜ ಹಾರಾಟದಿಂದ ಸರಿಯಾದ ಸ್ಥಿತಿ ಹೇಗಿರುತ್ತದೆಂದು ಕಲಿತ ಕಂಪ್ಯೂಟರು, ಅದರಿಂದ ದೂರ ಸರಿದದ್ದನ್ನೆಲ್ಲ ತೋರಿಸುತ್ತದೆ. ಕಾರಣವೇನೆಂದು ಹೇಳುವ ಹೊಣೆ ಮಾತ್ರ ಇನ್ನೂ ಎಂಜಿನಿಯರಿನದೇ.

ಉತ್ತರ ಸಮುದ್ರದ ಪಾಠಗಳು

ಹೆಲಿಕಾಪ್ಟರುಗಳಲ್ಲಿ ಈ ವ್ಯವಸ್ಥೆ ಬಂದದ್ದು ದುರಂತಗಳ ಬೆನ್ನಿಗೆ. 1986ರ ನವೆಂಬರ್ 6ರಂದು ಉತ್ತರ ಸಮುದ್ರದ ತೈಲಬಾವಿಗಳಿಂದ ಕೆಲಸಗಾರರನ್ನು ಕರೆತರುತ್ತಿದ್ದ ಚಿನೂಕ್ ಹೆಲಿಕಾಪ್ಟರು ಶೆಟ್‌ಲ್ಯಾಂಡ್ ದ್ವೀಪದ ಸಂಬರ್ಗ್ ಬಳಿ ಬಿತ್ತು. 47 ಜನರಲ್ಲಿ 45 ಮಂದಿ ಸತ್ತರು. ಮುಂಭಾಗದ ಗೇರ್‌ಪೆಟ್ಟಿಗೆಯ ಒಂದು ಗೇರು ಲೋಹದ ದಣಿವಿನಿಂದ ಮುರಿದಿತ್ತು. ಇದಾದ ಮೇಲೆ ಕಂಪನವನ್ನು ನಿರಂತರವಾಗಿ ಅಳೆದು ದಾಖಲಿಸುವ ವ್ಯವಸ್ಥೆಯ ಕೆಲಸ ಚುರುಕಾಯಿತು. 1991ರಲ್ಲಿ ಅದು ಉತ್ತರ ಸಮುದ್ರದ ಹೆಲಿಕಾಪ್ಟರುಗಳಲ್ಲಿ ಸೇವೆಗೆ ಬಂತು. 1999ರಲ್ಲಿ ಬ್ರಿಟನ್ ದೊಡ್ಡ ಪ್ರಯಾಣಿಕ ಹೆಲಿಕಾಪ್ಟರುಗಳಿಗೆ ಅದನ್ನು ಕಡ್ಡಾಯ ಮಾಡಿತು.

ಅಲ್ಲಿಗೆ ಕಥೆ ಮುಗಿಯಲಿಲ್ಲ. 2009ರ ಏಪ್ರಿಲ್ 1ರಂದು ಸ್ಕಾಟ್ಲೆಂಡಿನ ಕರಾವಳಿಯಾಚೆ ಸೂಪರ್ ಪ್ಯೂಮಾ ಹೆಲಿಕಾಪ್ಟರೊಂದು ಬಿದ್ದು 16 ಜನ ಸತ್ತರು. ಗೇರ್‌ಪೆಟ್ಟಿಗೆಯ ಗ್ರಹಚಕ್ರವೊಂದು ಮುರಿದಿತ್ತು. ಅಪಘಾತಕ್ಕೆ 36 ಹಾರಾಟದ ಗಂಟೆಗಳ ಮುಂಚೆ ಅಯಸ್ಕಾಂತದ ಬಿರಡೆಯ ಮೇಲೆ ಒಂದು ಲೋಹದ ಚೂರು ಸಿಕ್ಕಿತ್ತು. ಆದರೆ ಅದರ ಅರ್ಥ ಸರಿಯಾಗಿ ತಿಳಿಯಲಿಲ್ಲ. ಕಂಪನದ ದಾಖಲೆಯಲ್ಲಿಯೂ ಆ ಚಕ್ರದ ಬಗ್ಗೆ ಸುಳಿವಿರಲಿಲ್ಲ. 2016ರ ಏಪ್ರಿಲ್ 29ರಂದು ನಾರ್ವೆಯ ತುರೋಯ್ ಬಳಿ ಅದೇ ಕುಟುಂಬದ ಮತ್ತೊಂದು ಹೆಲಿಕಾಪ್ಟರು ಬಿದ್ದು 13 ಜನ ಸತ್ತರು. ಅಲ್ಲಿಯೂ ಗ್ರಹಚಕ್ರ, ಮೇಲ್ಮೈಯ ಅತಿ ಸಣ್ಣ ಕುಳಿಯಿಂದ ಹೊರಟ ಬಿರುಕು ಲೋಹದ ಒಳಗೇ ಬೆಳೆದಿತ್ತು. ವ್ಯವಸ್ಥೆ ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ.

ಏಕೆ ಹೀಗೆ? ಗ್ರಹಚಕ್ರ ತನ್ನ ಸುತ್ತ ತಿರುಗುತ್ತಲೇ ನಡುವಿನ ಸೂರ್ಯಚಕ್ರದ ಸುತ್ತಲೂ ಸಾಗುತ್ತದೆ. ಸಂವೇದಕ ಇರುವುದು ಪೆಟ್ಟಿಗೆಯ ಹೊರಗೆ. ಹಲವು ಗ್ರಹಚಕ್ರಗಳು ಒಂದಾದ ಮೇಲೊಂದು ಅದರ ಬಳಿ ಬಂದು ದೂರ ಸರಿಯುತ್ತವೆ. ಸದ್ದು ಹಲವು ಲೋಹದ ಸೇರುವೆಗಳನ್ನು ದಾಟಿ ಬರುವಷ್ಟರಲ್ಲಿ ಸೊರಗಿರುತ್ತದೆ. ಬಿರುಕು ಲೋಹದ ಒಳಗೇ ಬೆಳೆದರೆ ಚೂರುಗಳೂ ಹೆಚ್ಚು ಉದುರುವುದಿಲ್ಲ. ಉಪಕರಣ ಮೌನವಾಗಿದೆ ಎಂದ ಮಾತ್ರಕ್ಕೆ ಯಂತ್ರ ಆರೋಗ್ಯವಾಗಿದೆ ಎಂದಲ್ಲ. ಕೆಲವು ಭಾಗಗಳನ್ನು ಅಳತೆಯ ಭರವಸೆಯ ಮೇಲೆ ಬಿಡದೆ, ಬಿರುಕನ್ನು ತಡೆದುಕೊಳ್ಳುವಂತೆ ವಿನ್ಯಾಸ ಮಾಡುವುದೇ ದಾರಿ.

ಕರ್ನಾಟಕದಲ್ಲಿ

ನಮ್ಮ ರಾಜ್ಯಕ್ಕೆ ಇದು ದೂರದ ವಿಷಯವಲ್ಲ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಧ್ರುವ್ ಹೆಲಿಕಾಪ್ಟರು 1992ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. ಅದರ ಈಚಿನ ಮಾದರಿಗಳಲ್ಲಿ ಆರೋಗ್ಯ ಮತ್ತು ಬಳಕೆಯನ್ನು ದಾಖಲಿಸುವ ವ್ಯವಸ್ಥೆ ಇದೆ. 2023ರ ಫೆಬ್ರವರಿ 6ರಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು (ಎನ್‌ಎಎಲ್) ಮುರಿದ ವಿಮಾನ ಭಾಗಗಳನ್ನು ಪರೀಕ್ಷಿಸಿ ಕಾರಣ ಹುಡುಕುವ ಕೆಲಸ ಮಾಡುತ್ತ ಬಂದಿದೆ. ಕೂದಲೆಳೆಯಂಥ ದ್ಯುತಿತಂತುಗಳನ್ನು ನಿಶಾಂತ್ ಎಂಬ ಚಾಲಕರಹಿತ ವಿಮಾನದ ರಚನೆಯಲ್ಲಿ ಅಳವಡಿಸಿ, ಹಾರಾಟದಲ್ಲಿ ಅದರ ಮೇಲಾಗುವ ಎಳೆತವನ್ನು ಅಳೆಯುವ ಪ್ರಯೋಗವನ್ನೂ ಅಲ್ಲಿನ ವಿಜ್ಞಾನಿಗಳು ನಡೆಸಿದ್ದಾರೆ.

ಇದರ ಅಗತ್ಯವೆಷ್ಟು ಎಂಬುದು 2025ರ ಜನವರಿ 5ರಂದು ಮತ್ತೆ ತಿಳಿಯಿತು. ಅಂದು ಪೋರಬಂದರಿನಲ್ಲಿ ತಟರಕ್ಷಣಾ ದಳದ ಧ್ರುವ್ ಬಿದ್ದು ಮೂವರು ಪ್ರಾಣ ಕಳೆದುಕೊಂಡರು. ಅನಂತರ ದೇಶದ ಧ್ರುವ್ ಹೆಲಿಕಾಪ್ಟರುಗಳ ಹಾರಾಟವನ್ನು ತಿಂಗಳುಗಟ್ಟಲೆ ತಡೆಹಿಡಿಯಲಾಯಿತು. ಒಂದು ಭಾಗದ ಸ್ಥಿತಿ ಖಚಿತವಾಗಿ ತಿಳಿಯದಿದ್ದಾಗ ಚೆನ್ನಾಗಿರುವ ಯಂತ್ರಗಳೂ ನೆಲದ ಮೇಲೆ ನಿಲ್ಲಬೇಕಾಗುತ್ತದೆ.

ನಮ್ಮೂರಿನ ಮೋಟಾರಿಗೆ

ಭೀಮಾ, ಕೃಷ್ಣಾ ದಂಡೆಯಲ್ಲಿ ನೀರೆತ್ತುವ ಪಂಪು ಬೆಳೆ ಹೂವಾಡುವ ವಾರದಲ್ಲಿ ಕೆಟ್ಟರೆ ರೈತನ ವರ್ಷದ ದುಡಿಮೆಗೇ ಪೆಟ್ಟು. ಮೇಲೆ ಹೇಳಿದ ಭೌತವಿಜ್ಞಾನ ಅಲ್ಲಿಗೂ ಸಲ್ಲುತ್ತದೆ. ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಮೊಬೈಲ್ ಫೋನಿನಿಂದಲೇ ಪ್ರಯೋಗ ಆರಂಭಿಸಬಹುದು. ಒಂದು ಎಚ್ಚರ ಮಾತ್ರ ಬೇಕು. ಫೋನಿನ ವೇಗೋತ್ಕರ್ಷ ಸಂವೇದಕ ಸೆಕೆಂಡಿಗೆ 100 ಸಲ ಅಳೆಯುತ್ತಿದ್ದರೆ, ಅದರ ಅರ್ಧ, ಅಂದರೆ 50 ಹರ್ಟ್ಸ್‌ವರೆಗಿನ ಕಂಪನವನ್ನು ಮಾತ್ರ ಅದು ಸರಿಯಾಗಿ ತೋರಿಸಬಲ್ಲದು. ಮೋಟಾರಿನ ತೂಕ ಒಂದು ಕಡೆ ವಾಲಿದ್ದರೆ 24 ಹರ್ಟ್ಸ್ ಬಳಿ ಕಾಣಿಸುತ್ತದೆ. ಆದರೆ ಹೊರಬಳೆಯ 86 ಹರ್ಟ್ಸ್ ಪೆಟ್ಟು 100 – 86 = 14 ಹರ್ಟ್ಸ್‌ನ ವೇಷ ಹಾಕಿಕೊಂಡು ಬಂದು ದಾರಿ ತಪ್ಪಿಸಬಹುದು. ಫೋನಿನ ಮೈಕು ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಅಳೆಯುವುದರಿಂದ ಬೇರಿಂಗಿನ ಸದ್ದಿಗೆ ಅದು ಮೇಲು.

ಯಂತ್ರ ಹೊಸದಾಗಿದ್ದಾಗಲೇ ಅದರ ಸದ್ದನ್ನು ದಾಖಲಿಸಿಡಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಹೊರೆಯಲ್ಲಿ ಮತ್ತೆ ದಾಖಲಿಸಿ ಹೋಲಿಸಿ. ದೋಷದ ಮೊದಲ ಸುಳಿವಿಗೂ ಕೆಡುವ ದಿನಕ್ಕೂ ನಡುವೆ ಎರಡು ತಿಂಗಳಿದ್ದರೆ ತಿಂಗಳಿಗೊಂದು ಅಳತೆ ಸಾಕು. ಒಂದೇ ವಾರವಿದ್ದರೆ ಮೂರು ದಿನಕ್ಕೊಮ್ಮೆಯಾದರೂ ಅಳೆಯಬೇಕು. ಈ ಕೆಲಸಕ್ಕೆ ಹೊರಡುವಾಗ ಸ್ಕ್ರೂಡ್ರೈವರ್ ಹಿಡಿದ ಆ ಮಿಸ್ತ್ರಿಯನ್ನೂ ಜೊತೆಗೆ ಕರೆದುಕೊಳ್ಳಿ. ಅವನು ‘ಕೆಟ್ಟಿದೆ’ ಎಂದ ಬೇರಿಂಗನ್ನು ಬಿಚ್ಚಿ, ಕುಳಿ ಎಲ್ಲಿದೆ ಎಂದು ನೋಡಿ ಬರೆದಿಟ್ಟರೆ, ಕಂಪ್ಯೂಟರಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು.